ಬಲಗೈಯಲ್ಲಿ ಹನ್ನೊಂದು

ಸಿನಿಮಾ ಓದುವ ಹುಡುಗಿ ಎಂದು ಗೊತ್ತಾದ ಕೂಡಲೇ ನಮ್ಮ ಹಳಿಯಾಳದ ಮಂದಿ ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡುತ್ತಾರೆ. "ಹೀರೋಯಿನ್ ಆಗ್ತೀ ಏನವಾ?" ಎಂದು ಕೇಳುತ್ತಾರೆ. ಇಲ್ಲ ಎಂದರೆ ಅವರಿಗೆ ಬೇಸರವಾಗುವುದಿಲ್ಲ, ಒಂಥರಾ ನಿರಾಳವಾಗುತ್ತದೆ. ಅದು ಮುಖದಲ್ಲೇ ಕಾಣುತ್ತದೆ, ನನಗೂ ರೂಢಿಯಾಗಿದೆ. ಮತ್ತೇನು ಮಾಡ್ತಿ ಎಂದಾಗ ನಾನು ಕಂಟಿನ್ಯೂಟಿಯ ಬಗ್ಗೆ ಹೇಳಲು ಬಾಯಿ ತೆರೆಯುತ್ತೇನೆ. ಅಷ್ಟರಲ್ಲಿ ಅವರಿಗೆ ಏನೋ ಕೆಲಸ ನೆನಪಾಗಿರುತ್ತದೆ.

ನನ್ನ ಕೆಲಸ ಇಷ್ಟೇ. ಸಿನಿಮಾವನ್ನು ತುಂಡು ತುಂಡಾಗಿ, ಬೇರೆ ಬೇರೆ ದಿನ ತೆಗೆಯುತ್ತಾರೆ. ನೋಡುವವರಿಗೆ ಮಾತ್ರ ಎಲ್ಲವೂ ಒಂದೇ ಗಳಿಗೆಯಲ್ಲಿ ನಡೆದಂತೆ ಕಾಣಬೇಕು. ಮೊದಲ ಶಾಟಿನಲ್ಲಿ ಎಡಗೈಯಲ್ಲಿದ್ದ ಚಹಾದ ಲೋಟ ಎರಡನೆಯದರಲ್ಲಿ ಬಲಗೈಗೆ ಹೋಗಕೂಡದು. ಸೋಮವಾರ ತಲೆ ಬಾಚಿಕೊಂಡವಳು ಗುರುವಾರವೂ ಅದೇ ಬೈತಲೆ ತೆಗೆದಿರಬೇಕು. ಇದನ್ನೆಲ್ಲ ನೋಡಿ, ಬರೆದಿಟ್ಟುಕೊಂಡು, ತಪ್ಪಿದಲ್ಲಿ ಕೂಗುವವರು ಒಬ್ಬರು ಬೇಕು. ಪೇಟೆಯಲ್ಲಿ ಹಗ್ಗ, ದನ ಕಟ್ಟುವ ದಾವಣಿ, ತಾಡಪತ್ರಿ ಮಾರುವ ನಮ್ಮಪ್ಪನಿಗೆ ಇದನ್ನು ಅರ್ಧ ತಾಸು ವಿವರಿಸಿದ್ದೆ. ಎಲ್ಲ ಕೇಳಿಸಿಕೊಂಡು, "ಅಂದ್ರ ಮಂದಿ ತಪ್ಪು ಹುಡುಕೂ ಕೆಲಸ. ಮನ್ಯಾಗ ಪುಕ್ಕಟ ಮಾಡ್ತಿದ್ದಿ, ಅದಕ್ಯಾಕ ಕಾಲೇಜು?" ಎಂದ.

ಅಪ್ಪ ಹೇಳಿದ್ದು ಸುಳ್ಳೇನಲ್ಲ. ಚಿಕ್ಕವಳಿದ್ದಾಗ ಟಿವಿಯಲ್ಲಿ ಸಿನಿಮಾ ಹಚ್ಚಿದರೆ ನನ್ನನ್ನು ಒಳಗೆ ಕಳಿಸುತ್ತಿದ್ದರು. ಎಲ್ಲರೂ ಕಣ್ಣೀರು ಹಾಕುವ ಹೊತ್ತಿಗೆ ಸರಿಯಾಗಿ ನಾನು, "ಆಕಿ ಹೂವು ಆಗ ಎಡಕ್ಕಿತ್ತು, ಈಗ ಬಲಕ್ಕೈತಿ!" ಎಂದು ಚೀರುತ್ತಿದ್ದೆ. ಅವ್ವನ ಅಳು ನಿಂತು ಸಿಟ್ಟು ಬರುತ್ತಿತ್ತು. ಹೈಸ್ಕೂಲಿನಲ್ಲಿ ನನಗೆ ಇದ್ದದ್ದು ಒಬ್ಬಳೇ ಗೆಳತಿ. ಒಂದು ದಿನ ಬಸ್ಸಿನಲ್ಲಿ ಎಲ್ಲರೆದುರು, "ನಿನ್ನ ಕಿವಿಯಾಗಿಂದು ಎರಡೂ ಬ್ಯಾರೆ ಬ್ಯಾರೆ ಅದಾವಲ್ಲ" ಎಂದುಬಿಟ್ಟೆ. ಒಂದು ಕಳೆದುಹೋಗಿ, ಮನೆಯಲ್ಲಿ ಗೊತ್ತಾಗದಿರಲೆಂದು ಅವಳು ಜೋಡಿಯಲ್ಲದ ಓಲೆ ಹಾಕಿಕೊಂಡಿದ್ದಳಂತೆ. ಅವಳ ಅಣ್ಣ ಹಿಂದಿನ ಸೀಟಿನಲ್ಲೇ ಕೂತಿದ್ದ. ಮರುದಿನದಿಂದ ಅವಳು ನನ್ನ ಪಕ್ಕ ಕೂರಲಿಲ್ಲ. ಕಾಣುವುದನ್ನೆಲ್ಲ ಹೇಳಬಾರದು ಎಂಬ ಬುದ್ಧಿ ನನಗೆ ತಡವಾಗಿ ಬಂತು. ಅಷ್ಟರಲ್ಲಿ ಹೇಳಿಕೊಳ್ಳಲು ಯಾರೂ ಉಳಿದಿರಲಿಲ್ಲ.

ಈಗ ಧಾರವಾಡದ ಒಂದು ಕಾಲೇಜಿನಲ್ಲಿ ಮೂರನೆಯ ವರ್ಷ. ಬೆಳಿಗ್ಗೆ ಬಸ್ಸು ಹಿಡಿದು ಹೋಗುತ್ತೇನೆ, ಸಂಜೆ ಬಸ್ಸು ಹಿಡಿದು ಬರುತ್ತೇನೆ. ಕ್ಲಾಸು ಮುಗಿದ ಮೇಲೆ ಉಳಿದವರು ಹಾಸ್ಟೆಲಿನಲ್ಲಿ ಗುಂಪು ಕೂತು ಸಿನಿಮಾ ನೋಡುತ್ತಾರೆ, ಜಗಳವಾಡುತ್ತಾರೆ, ಚಹಾ ಕುಡಿಯುತ್ತಾರೆ. ಆ ಜಗಳದ ತುದಿ ಮರುದಿನ ನನ್ನ ಕಿವಿಗೆ ಬೀಳುತ್ತದೆ. ಯಾವ ಸಿನಿಮಾ, ಯಾಕೆ ಜಗಳ ಒಂದೂ ಗೊತ್ತಾಗುವುದಿಲ್ಲ. ಅದೇ ಸಿನಿಮಾವನ್ನು ನಾನು ನಮ್ಮನೆ ಮಾಳಿಗೆಯ ಮೇಲೆ, ನೀರಿನ ಟಾಕಿಗೆ ಒರಗಿ, ಫೋನಿನಲ್ಲಿ ಒಬ್ಬಳೇ ನೋಡುತ್ತೇನೆ. ಮುಗಿದ ಮೇಲೆ ಜಗಳವಾಡಬೇಕು ಅನ್ನಿಸುತ್ತದೆ. ಕೆಳಗೆ ಅವ್ವ ಕುಕ್ಕರ್ ಇಳಿಸುತ್ತಿರುತ್ತಾಳೆ. ಅವಳ ಹತ್ತಿರ ಏನೆಂದು ಜಗಳವಾಡಲಿ?

ರವಿವಾರ ಬಂದರೆ ಸುಮ್ಮನೆ ಬಸ್ಸು ಹತ್ತುವುದು ನನ್ನ ಚಟ. ದಾಂಡೇಲಿಗೆ ಹೋಗಿ ಹೊಳೆ ನೋಡಿ ಬರುತ್ತೇನೆ. ಒಮ್ಮೊಮ್ಮೆ ಜೋಯಿಡಾದವರೆಗೆ ಹೋಗುತ್ತೇನೆ. ಅಲ್ಲಿ ಫೋನಿಗೆ ಸಿಗ್ನಲ್ ಸಿಗದಿದ್ದರೆ ಒಂದು ಸಮಾಧಾನ, ಯಾರೂ ಫೋನ್ ಮಾಡಲಿಲ್ಲ ಎಂದು ಬೇಸರಪಡುವ ಹಾಗಿಲ್ಲ. ಮುಂಡಗೋಡಿನ ಟಿಬೆಟನ್ ಕ್ಯಾಂಪಿನಲ್ಲಿ ಬಿಸಿ ನೂಡಲ್ಸ್ ಸೂಪಿನ ಬಟ್ಟಲು ಮುಂದಿಟ್ಟುಕೊಂಡು ಎದುರು ಮೇಜಿನ ಭಿಕ್ಷುಗಳ ಕೈಗಡಿಯಾರ ನೋಡುತ್ತ ಕೂರುತ್ತೇನೆ. ಯಾರು ಯಾವ ಕೈಗೆ ಕಟ್ಟಿದ್ದಾರೆ, ಯಾರ ಚಪ್ಪಲಿಯ ಉಂಗುಟ ಹರಿದಿದೆ ಎಲ್ಲ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ನನ್ನನ್ನು ಯಾರಾದರೂ ಹೀಗೆ ಬರೆದುಕೊಂಡಿದ್ದಾರೆಯೇ ಎಂದು ಆಗಾಗ ಯೋಚಿಸಿದ್ದುಂಟು. ಇಲ್ಲ ಎಂದು ಗೊತ್ತು, ಆದರೂ ಯೋಚಿಸುತ್ತೇನೆ.

ಕೊನೆಯ ವರ್ಷ ಪ್ರತಿಯೊಬ್ಬರೂ ಹತ್ತು ನಿಮಿಷದ ಒಂದು ಸಿನಿಮಾ ಮಾಡಿ ಕೊಡಬೇಕು. ಅದಿಲ್ಲದೆ ಪಾಸು ಇಲ್ಲ. ಉಳಿದವರು ನಾಲ್ಕು ನಾಲ್ಕು ಮಂದಿ ತಂಡ ಕಟ್ಟಿಕೊಂಡು ಒಬ್ಬರ ಸಿನಿಮಾಕ್ಕೆ ಇನ್ನೊಬ್ಬರು ದುಡಿದರು. ನನ್ನ ಊರಿಗೆ ಬಂದು ದುಡಿಯಲು ಯಾರೂ ಮುಂದೆ ಬರಲಿಲ್ಲ, ನಾನೂ ಬಾಯಿಬಿಟ್ಟು ಕರೆಯಲಿಲ್ಲ. ಕ್ಯಾಮೆರಾ, ಸೌಂಡು, ಕಥೆ, ಕಂಟಿನ್ಯೂಟಿ ಎಲ್ಲ ನಾನೇ. ಟೈಟಲಿನಲ್ಲಿ ನನ್ನ ಹೆಸರೇ ಎಂಟು ಸಲ ಬರುತ್ತದೆ. ನೋಡಿದರೆ ಯಾರಿಗಾದರೂ ಸೊಕ್ಕು ಎನಿಸಬೇಕು. ಸೊಕ್ಕಲ್ಲ ಅದು, ದಿಕ್ಕಿಲ್ಲದ್ದು.

ಕಥೆ ನನಗೆ ಬಸ್‌ಸ್ಟ್ಯಾಂಡಿನಲ್ಲೇ ಸಿಕ್ಕಿತ್ತು. ನಮ್ಮ ಕಡೆ ಬುತ್ತಿ ಗಂಟು ಬಸ್ಸಿನಲ್ಲಿ ಹೋಗುವುದುಂಟು. ಗಂಡನೋ ಮಗನೋ ದಾಂಡೇಲಿಯಲ್ಲಿ ಕೆಲಸದಲ್ಲಿದ್ದರೆ ಹೆಂಗಸರು ರೊಟ್ಟಿ ಕಟ್ಟಿ ಡ್ರೈವರನ ಕೈಗೆ ಕೊಡುತ್ತಾರೆ, ಅವನು ಎಂಜಿನ್ನಿನ ಪಕ್ಕ ಇಟ್ಟುಕೊಳ್ಳುತ್ತಾನೆ. ಅಲ್ಲಿ ಸ್ಟ್ಯಾಂಡಿಗೆ ಬಂದವರು ಇಳಿಸಿಕೊಳ್ಳುತ್ತಾರೆ. ನನ್ನ ಸಿನಿಮಾದಲ್ಲಿ ಒಬ್ಬ ಹೆಂಗಸು ರೊಟ್ಟಿ ಬಡಿದು, ಗಂಟು ಕಟ್ಟಿ, ಬಸ್ಸಿಗೆ ಕೊಟ್ಟು ಮನೆಗೆ ಬರುತ್ತಾಳೆ. ಅಷ್ಟೇ. ಗಂಡ ಕಾಣುವುದೇ ಇಲ್ಲ, ರೊಟ್ಟಿ ಮಾತ್ರ ಅವನ ಕಡೆಗೆ ಹೋಗುತ್ತದೆ.

ಆ ಹೆಂಗಸಿನ ಪಾತ್ರಕ್ಕೆ ತೇರಗಾಂವದ ಅತ್ತೆಯನ್ನು ಕೇಳಿದೆ. ಅಪ್ಪನಿಗೆ ದೂರದ ತಂಗಿಯಾಗಬೇಕು. ನಲವತ್ತೈದರ ಆಸುಪಾಸು, ಮಕ್ಕಳಿಲ್ಲ. ಹಳಿಯಾಳದ ಖಾನಾವಳಿಗಳಿಗೆ ಜೋಳದ ರೊಟ್ಟಿ ಮಾಡಿ ಕೊಡುತ್ತಾಳೆ. ಅತ್ತೆ ರೊಟ್ಟಿ ಬಡಿಯುವುದನ್ನು ನೋಡಬೇಕು. ಬಲಗೈ ಬಡಿಯುತ್ತಿದ್ದರೆ ಎಡಗೈ ಹಿಟ್ಟನ್ನು ತಿರುಗಿಸುತ್ತ ಹೋಗುತ್ತದೆ, ಎರಡೂ ಕೈಯ ಹಸಿರು ಗಾಜಿನ ಬಳೆ ಒಂದೇ ಲಯದಲ್ಲಿ ಸದ್ದು ಮಾಡುತ್ತವೆ. ಸಿನಿಮಾ ಎಂದ ಕೂಡಲೇ ಅವಳು ನಾಚಿಕೊಳ್ಳಲಿಲ್ಲ. "ನಾ ಏನ್ ಮಾತಾಡಬೇಕು?" ಎಂದು ಕೇಳಿದಳು.

"ಮಾತಿಲ್ಲ ಅತ್ತಿ. ದಿನಾ ಮಾಡೂದನ್ನ ಮಾಡು."

"ಅದನ್ನ ನೋಡಾವ್ರು ಯಾರು?"

ನಾನು ನೋಟ್‌ಬುಕ್ಕು ತೆರೆದು ಅವಳ ಸೀರೆಯ ಬಣ್ಣ ಬರೆದುಕೊಂಡೆ.

ಅವಳ ಗಂಡ, ನನ್ನ ಮಾವ, ತಾನಾಗಿ ಬಂದು ತಂಡ ಸೇರಿಕೊಂಡರು. ಹೊಲದ ಕೆಲಸ ಮುಗಿಸಿ ಬಂದು ಥರ್ಮಾಕೋಲ್ ಹಲಗೆ ಹಿಡಿದು ನಿಲ್ಲುತ್ತಿದ್ದರು. ಕಿಟಕಿಯ ಬಿಸಿಲು ಅದರ ಮೇಲೆ ಬಿದ್ದು ಅತ್ತೆಯ ಮುಖಕ್ಕೆ ಹೊರಳಬೇಕು. ಮಾವನ ಕೈ ಅಲುಗುತ್ತಿರಲಿಲ್ಲ, ಬಾಯಿ ಮಾತ್ರ ನಿಲ್ಲುತ್ತಿರಲಿಲ್ಲ. "ಅಲ್ಲವಾ, ನಾ ಇಲ್ಲೇ ಗಟ್ಟಿಮುಟ್ಟ ನಿಂತೇನಿ. ಈಕಿ ದಾಂಡೇಲಿಗೆ ಯಾವಂಗ ರೊಟ್ಟಿ ಕಳಸಾಕತ್ತಾಳ?" ಎಂದು ಕೇಳಿ, ಸರಿಯಾಗಿ ಟೇಕಿನ ನಡುವೆ ನಗಿಸಿಬಿಡುತ್ತಿದ್ದರು. ಅತ್ತೆ ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ನಾನು ಸಿಟ್ಟು ಮಾಡುತ್ತಿದ್ದೆ. ಹೊರಗೆ ಕಬ್ಬಿನ ಟ್ರ್ಯಾಕ್ಟರುಗಳು ಜೋರಾಗಿ ಹಾಡು ಹಚ್ಚಿಕೊಂಡು ಫ್ಯಾಕ್ಟರಿಗೆ ಹೋಗುತ್ತಿದ್ದವು. ಅವು ದಾಟುವವರೆಗೆ ಕಾಯಬೇಕು, ಮಾವ ಸುಮ್ಮನಾಗುವವರೆಗೆ ಕಾಯಬೇಕು. ಆ ನಾಲ್ಕು ದಿನ ನಾನು ಒಂಟಿ ಎಂಬುದು ನನಗೆ ಮರೆತುಹೋಗಿತ್ತು. ಮರೆತಿತ್ತು ಎಂಬುದು ಈಗ ಗೊತ್ತಾಗುತ್ತದೆ, ಆಗ ಗೊತ್ತಾಗಲಿಲ್ಲ.

ಎರಡನೆಯ ದಿನ ರೊಟ್ಟಿ ಬಡಿಯುವಾಗ ಅತ್ತೆಯ ಬಲಗೈ ಒಲೆಯ ಕಟ್ಟೆಗೆ ತಾಗಿ ಒಂದು ಬಳೆ ಒಡೆಯಿತು. ಅವಳಿಗೆ ಕಸಿವಿಸಿಯಾಯಿತು. "ಒಂದ್ ಕಡಿಮಿ ಇರಬಾರ್ದವಾ. ನಾಳೆ ಸಂತ್ಯಾಗ ಹಾಕಿಸ್ಕೊಂಡ್ ಬರ್ತೇನಿ" ಎಂದಳು. ನಾನು ಬಿಡಲಿಲ್ಲ. ಬಳೆ ಒಡೆದದ್ದನ್ನೇ ನಾನು ಸಿನಿಮಾದಲ್ಲಿ ಇಟ್ಟುಕೊಂಡಿದ್ದೆ, ಅದು ಅಷ್ಟು ಚೆನ್ನಾಗಿ ಬಂದಿತ್ತು. ಮುಂದಿನ ಎಲ್ಲ ಶಾಟಿನಲ್ಲೂ ಬಲಗೈಯಲ್ಲಿ ಹನ್ನೊಂದೇ ಇರಬೇಕು. ನೋಟ್‌ಬುಕ್ಕಿನಲ್ಲಿ ಬರೆದು ಎರಡು ಗೆರೆ ಎಳೆದೆ: ಎಡಗೈ ಹನ್ನೆರಡು, ಬಲಗೈ ಹನ್ನೊಂದು. "ಸಿನಿಮಾ ಮುಗಿಯೂತನಾ ಹಿಂಗ ಇರ್ಲಿ ಅತ್ತಿ" ಎಂದೆ. ಅವಳು ಮಾವನ ಮುಖ ನೋಡಿದಳು. "ಇರ್ಲಿ ತಗೊ, ಹುಡುಗಿ ಪಾಸಾಗ್ಲಿ" ಎಂದರು ಮಾವ.

ನಾಲ್ಕನೆಯ ದಿನ ಒಂದೇ ಶಾಟ್ ಉಳಿದಿತ್ತು. ಅತ್ತೆ ಗಂಟು ಕಟ್ಟುತ್ತಿರುತ್ತಾಳೆ, ಬಸ್ಸಿನ ಹಾರ್ನು ಕೇಳಿ ಮುಖ ಎತ್ತುತ್ತಾಳೆ. ಮೊದಲು ಕೈ, ಆಮೇಲೆ ಮುಖ. ಇಡೀ ಸಿನಿಮಾ ಆ ಮುಖಕ್ಕಾಗಿ ಇತ್ತು. ಆವತ್ತು ಮೋಡ ಬಂತು. ಬಿಸಿಲಿನಲ್ಲಿ ತೆಗೆದ ಶಾಟಿನ ಪಕ್ಕ ಮೋಡದ ಶಾಟ್ ಹೊಂದುವುದಿಲ್ಲ. ಯಾರಿಗೂ ಗೊತ್ತಾಗುತ್ತಿರಲಿಲ್ಲ, ನನಗೆ ಗೊತ್ತಾಗುತ್ತಿತ್ತು. ಮರುದಿನದಿಂದ ನನಗೆ ಪರೀಕ್ಷೆ. "ಎರಡು ವಾರ ಬಿಟ್ಟು ಬರ್ತೇನಿ. ಬಳಿ ಮಾತ್ರ ಹಾಕಿಸ್ಕೋಬ್ಯಾಡ" ಎಂದು ಅತ್ತೆಯಿಂದ ಮಾತು ತೆಗೆದುಕೊಂಡು ಬಂದೆ.

ಮಾವ ತೀರಿಕೊಂಡದ್ದು ಪರೀಕ್ಷೆಯ ಕೊನೆಯ ದಿನ. ಸ್ನಾನ ಮಾಡಿ ಕಟ್ಟೆಗೆ ಬಂದು ಕೂತವರು ಹಾಗೇ ಗೋಡೆಗೆ ಒರಗಿದರಂತೆ. ಎದೆನೋವು ಎಂದು ಹೇಳಲೂ ವೇಳೆ ಸಿಗಲಿಲ್ಲ. ಧಾರವಾಡದಿಂದ ನೇರ ತೇರಗಾಂವಕ್ಕೆ ಹೋದೆ. ಅಷ್ಟರಲ್ಲಿ ಮಣ್ಣಿಗೆ ಹೊರಡುವ ತಯಾರಿ ನಡೆದಿತ್ತು. ಮಾವನನ್ನು ಕೂರಿಸಿ, ಹಣೆತುಂಬ ವಿಭೂತಿ ಹಚ್ಚಿದ್ದರು. ಹೆಂಗಸರು ಅತ್ತೆಯನ್ನು ಹಿಡಿದುಕೊಂಡಿದ್ದರು.

ಬಳೆ ಒಡೆಯುವುದು ಬೇಡ, ಕುಂಕುಮ ಅಳಿಸುವುದು ಬೇಡ ಎಂದು ಮಠದ ಸ್ವಾಮಿಗಳು ಭಾಷಣದಲ್ಲಿ ಹೇಳುತ್ತಾರೆ. ಎಲ್ಲರೂ ತಲೆದೂಗುತ್ತಾರೆ. ಹಾಗೆ ತಲೆದೂಗಿದ ಹೆಂಗಸರೇ ಇಬ್ಬರು ಅತ್ತೆಯ ಎರಡು ಕೈ ಹಿಡಿದು ಬಾಗಿಲ ಬಳಿಯ ಕಲ್ಲಿಗೆ ತಾಗಿಸಿದರು. ಮೊದಲು ಎಡಗೈ. ಆಮೇಲೆ ಬಲಗೈ.

ನಾನು ಎಣಿಸಿದೆ.

ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ನನ್ನ ಜೊತೆ ನಾಲ್ಕು ದಿನ ಥರ್ಮಾಕೋಲ್ ಹಿಡಿದ ಮನುಷ್ಯ ಹಣೆಗೆ ವಿಭೂತಿ ಹಚ್ಚಿಕೊಂಡು ಕೂತಿದ್ದರು. ನನ್ನ ಅತ್ತೆ ಧ್ವನಿಯಿಲ್ಲದೆ ಬಾಯಿ ತೆರೆದಿದ್ದಳು. ನಾನು ಬಾಗಿಲ ಪಕ್ಕ ನಿಂತು ಒಂದು, ಎರಡು, ಮೂರು ಎಂದು ಹನ್ನೊಂದರವರೆಗೆ ಎಣಿಸಿದೆ. ಸರಿಯಾಗಿದೆ ಎಂದು ಮನಸ್ಸಿಗೆ ಬಂತು. ಅದರ ಹಿಂದೆಯೇ, ಇನ್ನು ಆ ಶಾಟ್ ಹೇಗೆ ಎಂದು ಬಂತು. ಅಳು ಬಂದದ್ದು ಅದಾದ ಮೇಲೆ. ನನ್ನ ಅಳು ಯಾರಿಗಾಗಿ ಎಂದು ನನಗೇ ಅನುಮಾನ ಬಂದು, ಹಿತ್ತಲಿಗೆ ಹೋಗಿ ನಿಂತೆ.

ಅಲ್ಲೇ ಮಾವನ ತಾಯಿ ಕೂತಿದ್ದಳು. ನಾವು ಅಜ್ಜಿ ಎನ್ನುತ್ತೇವೆ. ಮಗನನ್ನು ಕಳೆದುಕೊಂಡ ಮುದುಕಿ, ಮಾತಿಗೆ ಹಿಡಿತವಿರಲಿಲ್ಲ. ಪಕ್ಕದವಳಿಗೆ ಹೇಳುತ್ತಿದ್ದಳು: "ಕೈಯಾಗ ಒಂದ್ ಬಳಿ ಕಡಿಮಿ ಇಟ್ಕೊಂಡ್ ಹದಿನೈದ್ ದಿನ ತಿರುಗ್ಯಾಡಿದ್ಲು. ಹಾಕಿಸ್ಕೋ ಅಂದ್ರ, ಸಿನಿಮಾ ಐತಿ ಅಂದ್ಲು. ಮುಗೀತ್ ನೋಡು ಸಿನಿಮಾ." ನನ್ನನ್ನು ನೋಡಿ ಸುಮ್ಮನಾದಳು. ಬೈದಿದ್ದರೆ ಚೆನ್ನಾಗಿತ್ತು.

ನಾನು ಇಂಥದ್ದನ್ನು ನಂಬುವವಳಲ್ಲ. ಬಳೆಗೂ ಎದೆಗೂ ಏನು ಸಂಬಂಧ ಎಂದು ಯಾರ ಜೊತೆ ಬೇಕಾದರೂ ವಾದ ಮಾಡಬಲ್ಲೆ. ಆದರೆ ಬಸ್ಸಿನಲ್ಲಿ ಕೂತಾಗ, ಊಟದ ತಟ್ಟೆಯ ಮುಂದೆ, ಎಡಿಟಿಂಗಿಗೆ ಕೂತು ಅತ್ತೆಯ ಕೈ ಪರದೆಯ ಮೇಲೆ ಬಂದಾಗ, ಅಜ್ಜಿಯ ಮಾತು ಕೇಳುತ್ತಿತ್ತು. ಮೋಡದಲ್ಲೇ ತೆಗೆದುಬಿಡಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಅದಾದ ಮೇಲೆ ರವಿವಾರಗಳಂದು ನಾನು ದಾಂಡೇಲಿಗೆ ಹೋಗಲಿಲ್ಲ, ತೇರಗಾಂವಕ್ಕೆ ಹೋದೆ. ಪ್ರತಿ ಸಲ ಬಸ್ಸು ಹತ್ತುವಾಗ ಇವತ್ತು ಕೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ಕಾಲೇಜಿನಲ್ಲಿ ಸಿನಿಮಾ ಒಪ್ಪಿಸುವ ದಿನ ಹತ್ತಿರ ಬರುತ್ತಿತ್ತು. ಆ ಒಂದು ಮುಖವಿಲ್ಲದೆ ಅದು ಬರೀ ಅಡುಗೆಯ ವಿಡಿಯೋ, ನನ್ನ ಮೂರು ವರ್ಷ ನೀರಿಗೆ ಹೋದಂತೆ. ಆದರೆ ಬೋಳು ಕೈ ಮಡಿಲಲ್ಲಿಟ್ಟುಕೊಂಡು ಕೂತ ಹೆಂಗಸಿನ ಹತ್ತಿರ ಹೋಗಿ, ಬಳೆ ಹಾಕಿಕೊಂಡು ಕ್ಯಾಮೆರಾದ ಮುಂದೆ ಬಾ ಎಂದು ಯಾವ ಬಾಯಲ್ಲಿ ಕೇಳಲಿ? ಅಪ್ಪನಿಗೆ ಹೇಳಿದರೆ, "ಹುಚ್ಚಗಿಚ್ಚ ಹಿಡದೈತೇನ ನಿನಗ" ಎನ್ನುತ್ತಾನೆ. ಕಾಲೇಜಿನವರಿಗೆ ಹೇಳಿದರೆ ಬೇರೆ ಹೆಂಗಸನ್ನು ಹಾಕಿ ಮೊದಲಿಂದ ತೆಗಿ ಎನ್ನುತ್ತಾರೆ. ಎರಡೂ ಸರಿಯಾದ ಮಾತೇ.

ಅತ್ತೆ ಮತ್ತೆ ರೊಟ್ಟಿ ಮಾಡತೊಡಗಿದ್ದಳು. ನಾನು ಗೋಡೆಗೆ ಒರಗಿ ಕೂರುತ್ತಿದ್ದೆ. ಬಡಿಯುವ ಸದ್ದು ಬರುತ್ತಿತ್ತು, ಬಳೆಯ ಸದ್ದು ಇರಲಿಲ್ಲ. ಅವಳಿಗೂ ಅದು ಕೇಳುತ್ತಿತ್ತು ಅನ್ನಿಸುತ್ತದೆ, ನಡುನಡುವೆ ಕೈ ನಿಲ್ಲಿಸುತ್ತಿದ್ದಳು. ಮೊದಲು ಸಂಜೆ ಬಂದು ಹರಟುತ್ತಿದ್ದ ಓಣಿಯ ಹೆಂಗಸರು ಈಗ ಹೊರಗಿನಿಂದಲೇ ಮಾತಾಡಿಸಿ ಹೋಗುತ್ತಿದ್ದರು. ಅರಿಷಿಣ ಕುಂಕುಮದ ಕರೆ ನಿಂತುಹೋಗಿತ್ತು. ಅತ್ತೆ ಬಿಸಿ ರೊಟ್ಟಿಗೆ ಶೇಂಗಾ ಚಟ್ನಿ ಹಾಕಿ ಕೊಡುತ್ತಿದ್ದಳು, ತಿನ್ನುತ್ತಿದ್ದೆ, ಬಸ್ಸಿಗೆ ಬರುತ್ತಿದ್ದೆ. ಕೇಳಬೇಕಾದದ್ದನ್ನು ಕೇಳದೇ ಬರುತ್ತಿದ್ದೆ. ನಿಜ ಹೇಳಬೇಕೆಂದರೆ, ಮೂರನೆಯ ವಾರದ ಹೊತ್ತಿಗೆ ನಾನು ಕೇಳಲಿಕ್ಕೆಂದು ಹೋಗುತ್ತಿರಲಿಲ್ಲ. ಆ ಮನೆಯಲ್ಲಿ ಕೂರಲಿಕ್ಕೆ ಹೋಗುತ್ತಿದ್ದೆ. ನನಗೆ ಬೇರೆಲ್ಲೂ ಅಷ್ಟು ಹೊತ್ತು ಯಾರೂ ಸುಮ್ಮನೆ ಕೂರಲು ಬಿಟ್ಟಿರಲಿಲ್ಲ.

ಒಂದು ರವಿವಾರ ಅವಳೇ ಕೇಳಿದಳು. "ನಿನ್ನ ಸಿನಿಮಾ ಏನಾತು?"

"ಮುಗೀತು ಅತ್ತಿ."

"ಹೆಂಗ ಮುಗೀತು? ನಾ ಗಂಟು ಕಟ್ಟೂದು ಇನ್ನೂ ತಗದಿಲ್ಲಲ್ಲ."

ನಾನು ರೊಟ್ಟಿ ಹರಿಯುತ್ತ ಕೂತೆ. ಅತ್ತೆ ಒಲೆಯ ಕಡೆಯೇ ನೋಡುತ್ತಿದ್ದಳು. "ಕೇಳಾಕ ಬರ್ತೀ, ಕೇಳದ ಹೊಕ್ಕೀ. ನಾಕ್ ವಾರ ಆತು. ನಾ ಏನ್ ಕುರುಡಿ ಅಲ್ಲ."

"ಅಜ್ಜಿ ಅಂದದ್ದು ನಿನಗ ಗೊತ್ತೈತಿ, ಅತ್ತಿ."

"ಮುದುಕಿ ಹೊಟ್ಟಿಸಂಕಟಕ್ಕ ಅಂದಾಳ. ಯಾರ್ನರೆ ಅನ್ನಬೇಕಲ್ಲ ಆಕಿ," ಎಂದಳು ಅತ್ತೆ. ಆಮೇಲೆ ದನಿ ತಗ್ಗಿಸಿ, "ಇಲ್ಲೆ ಆಗಂಗಿಲ್ಲ. ಬುಧವಾರ ಪಿಂಚಣಿ ಕಾಗದಕ್ಕ ಹಳಿಯಾಳಕ್ಕ ಬರ್ತೇನಿ. ನಿಮ್ಮ ಮನ್ಯಾಗ ಆಕ್ಕೇತೇನ?" ಎಂದಳು.

ಆಗುತ್ತದೆ ಎಂದೆ. ಅವಳ ಅಡುಗೆಮನೆಯ ಗೋಡೆಗೆ ನೀಲಿ ಬೆರೆಸಿದ ಸುಣ್ಣ. ನಮ್ಮ ಮಾಳಿಗೆಯ ಮೇಲೆ ಅಪ್ಪ ಹಗ್ಗದ ಸುರುಳಿ ಇಡುವ ಕೋಣೆಗೂ ಅದೇ. ಹತ್ತಿರದಿಂದ ತೆಗೆದರೆ ಅದು ತೇರಗಾಂವವೇ. ನಮ್ಮ ಕೆಲಸದಲ್ಲಿ ಇದಕ್ಕೆ ಚೀಟ್ ಮಾಡುವುದು ಎನ್ನುತ್ತಾರೆ. ದಿನಾ ಮಾಡುತ್ತಾರೆ, ಯಾರೂ ಅದನ್ನು ಮೋಸ ಎಂದುಕೊಳ್ಳುವುದಿಲ್ಲ.

ಮಂಗಳವಾರ ಬಳೆ ಅಂಗಡಿಗೆ ಹೋದೆ. ಎರಡು-ಆರರ ಅಳತೆ, ಹಸಿರು ಗಾಜು, ಇಪ್ಪತ್ಮೂರು ಎಂದೆ. ಅಂಗಡಿಯಾಕೆ, "ಇಪ್ಪತ್ಮೂರು ಯಾವ ಲೆಕ್ಕ? ಕೈ ತುಂಬಸಾಕ ಎರಡ್ ಡಜನ್ ಬೇಕು. ಯಾರಿಗವಾ?" ಎಂದು ಕೇಳಿದಳು. ನನ್ನ ನೋಟ್‌ಬುಕ್ಕು ಚೀಲದಲ್ಲೇ ಇತ್ತು. ಅದನ್ನು ತೆಗೆಯಲಿಲ್ಲ. "ಎರಡ್ ಡಜನ್ನ ಕೊಡ್ರಿ" ಎಂದೆ.

ಬುಧವಾರ ಮಧ್ಯಾಹ್ನ ಅತ್ತೆ ಬಂದಳು. ಅಪ್ಪ ಅಂಗಡಿಯಲ್ಲಿದ್ದ, ಅವ್ವ ಮಲಗಿದ್ದಳು. ಅತ್ತೆಯ ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರಲ್ಲಿ ವಿಧವಾ ವೇತನದ ಅರ್ಜಿ, ಆಗಷ್ಟೇ ತೆಗೆಸಿದ ಫೋಟೋ. ಫೋಟೋದಲ್ಲಿ ಹಣೆ ಖಾಲಿ. ನನ್ನ ಕಡೆ ಚಾಚಿ, "ನೋಡು, ಇವತ್ತ ಎರಡ್ ಸಲ ಕ್ಯಾಮೆರಾ ಮುಂದ" ಎಂದಳು. ನಗುವಿನಂಥದ್ದು ಬಂದು ಹೋಯಿತು.

ಶೂಟಿಂಗಿನ ಸೀರೆಯನ್ನು ಅವಳೇ ತಂದಿದ್ದಳು. ಉಟ್ಟು ಬಂದು ನೀಲಿ ಗೋಡೆಗೆ ಬೆನ್ನು ಕೊಟ್ಟು ಕೂತಳು. ಮದುವೆಯಾಗದ ನಾನು, ಯಾರಿಗೂ ಎಂದೂ ಬಳೆ ತೊಡಿಸದವಳು, ಅವಳ ಕೈ ಹಿಡಿದು ಬೆರಳುಗಳನ್ನು ಒತ್ತಿ ಒಂದೊಂದಾಗಿ ಏರಿಸಿದೆ. ಎಡಗೈ ಮುಗಿಯಿತು. ಬಲಗೈಗೆ ಹನ್ನೊಂದು ಏರಿದ ಮೇಲೆ ಅತ್ತೆ ಕೈ ಹಿಂದಕ್ಕೆ ತೆಗೆದುಕೊಂಡಳು. ನಾನು ಹನ್ನೆರಡನೆಯದನ್ನು ಎತ್ತಿದೆ.

"ಹನ್ನೊಂದಲ್ಲ? ನಿನ್ನ ಪುಸ್ತಕದಾಗ ತಪ್ಪಾಕ್ಕೇತಿ."

"ಆಗ್ಲಿ."

"ಮಾಸ್ತರು ಬಯ್ಯಂಗಿಲ್ಲ?"

"ಬಯ್ಲಿ ಬಿಡು."

ಅವಳು ಕೈ ಕೊಟ್ಟಳು. ಕುಂಕುಮ ನಾನು ಇಡಲಿಲ್ಲ, ಅವಳೇ ಇಟ್ಟುಕೊಂಡಳು. ಕನ್ನಡಿ ಬೇಕೇ ಎಂದೆ. ಬೇಡವೆಂದಳು. ಬೆರಳಿಗೆ ಜಾಗ ಗೊತ್ತಿತ್ತು.

ಮೊದಲ ಟೇಕೇ ಸರಿಯಾಗಿ ಬಂತು. ರೊಟ್ಟಿಯ ಮೇಲೆ ಬಟ್ಟೆ ಮಡಚಿ, ನಾಲ್ಕು ಮೂಲೆ ಎತ್ತಿ, ಗಂಟು ಬಿಗಿದು, ನಾನು ಬಾಯಲ್ಲೇ ಮಾಡಿದ ಹಾರ್ನಿಗೆ ಮುಖ ಎತ್ತಿದಳು. ಆ ಮುಖ ಹೇಗಿತ್ತು ಎಂದು ಬರೆಯಲು ನನಗೆ ಬರುವುದಿಲ್ಲ. ಸಿನಿಮಾದಲ್ಲಿದೆ, ನೋಡಿದವರು ನೋಡುತ್ತಾರೆ. ನನ್ನ ಪಾಸು ಆ ಕ್ಷಣಕ್ಕೇ ಆಗಿಹೋಗಿತ್ತು. ಕಟ್ ಎಂದೆ. ಅತ್ತೆ ಗಂಟಿನ ಮೇಲೆ ಕೈ ಇಟ್ಟುಕೊಂಡು ಕೂತಳು. ಸಣ್ಣಗೆ ಒಮ್ಮೆ ಮಣಿಕಟ್ಟು ಅಲುಗಿಸಿದಳು, ಬಳೆ ಸದ್ದು ಮಾಡಿದವು. ಕೇಳಿಸಿಕೊಂಡಳು.

"ಮುಗೀತೇನ?" ಎಂದಳು.

"ಇಲ್ಲ ಅತ್ತಿ. ಇನ್ನೊಮ್ಮಿ."

ಇನ್ನೊಮ್ಮೆ ಗಂಟು ಬಿಚ್ಚಿ ಕಟ್ಟಿದಳು. ಬಿಸಿಲು ಸರಿಯಿಲ್ಲ ಎಂದೆ, ಮತ್ತೆ ಕಟ್ಟಿದಳು. ಟ್ರ್ಯಾಕ್ಟರ್ ಬಂತು ಎಂದೆ. ಯಾವ ಟ್ರ್ಯಾಕ್ಟರೂ ಬಂದಿರಲಿಲ್ಲ. ತಪ್ಪು ಹುಡುಕುವುದರಲ್ಲಿ ಹೆಸರಾದವಳು ನಾನು, ಆವತ್ತು ಇಲ್ಲದ ತಪ್ಪುಗಳನ್ನು ಒಂದರ ಹಿಂದೊಂದು ಹೇಳುತ್ತ ಹೋದೆ. ಅತ್ತೆ ಒಂದಕ್ಕೂ ಯಾಕೆ ಎನ್ನಲಿಲ್ಲ. ಎಷ್ಟನೆಯ ಟೇಕೋ, ಕ್ಯಾಮೆರಾ ಸುಮ್ಮನಾಯಿತು. ಬೇರೆ ಬ್ಯಾಟರಿ ಇರಲಿಲ್ಲ. ನಾನು ಅದರ ಹಿಂದೆ ಬಾಗಿಕೊಂಡೇ ನಿಂತೆ.

"ಆ ಕೆಂಪ ದೀಪ ಆರೇತಲ್ಲ," ಎಂದಳು ಅತ್ತೆ.

"ಬ್ಯಾಟರಿ ಮುಗೀತು ಅತ್ತಿ."

ಅವಳು ಗಂಟು ಬಿಚ್ಚಿ ಬಟ್ಟೆಯನ್ನು ಮೊಣಕಾಲ ಮೇಲೆ ಹರವಿ ಸರಿ ಮಾಡಿದಳು. "ಮುಗೀಲಿ. ನೀ ಹೇಳೂದ ಹೇಳು."

ನಾನು ಆ್ಯಕ್ಷನ್ ಎಂದೆ. ಅವಳು ಕಟ್ಟಿದಳು. ನನಗೆ ಕಣ್ಣು ಮಂಜಾಗಿ ಏನೂ ಕಾಣುತ್ತಿರಲಿಲ್ಲ, ಆದರೂ ಕಟ್ ಎಂದೆ, ಮತ್ತೆ ಆ್ಯಕ್ಷನ್ ಎಂದೆ. ಹಾಗೆ ಎಷ್ಟು ಸಲ ಎಂದು ಎಣಿಸಲಿಲ್ಲ.

ಐದು ಗಂಟೆಯ ಬಸ್ಸಿಗೆ ಅವಳು ಹೋಗಬೇಕಿತ್ತು. ಕುಂಕುಮವನ್ನು ತಾನೇ ಸೆರಗಿನಿಂದ ಒರೆಸಿಕೊಂಡಳು. ಬಳೆಯ ಕೈ ಮಾತ್ರ ನನ್ನ ಕಡೆ ಚಾಚಿದಳು. "ಸಬಕಾರ ತಗೊಂಡ ಬಾ. ಒಡೀಬ್ಯಾಡ" ಎಂದಳು. ಬಕೆಟ್ಟಿನಲ್ಲಿ ನೀರು ತಂದು, ಅವಳ ಕೈಗೆ ಸೋಪು ಹಚ್ಚಿ, ಒಂದೊಂದೇ ಜಾರಿಸಿ ತೆಗೆದು ತಟ್ಟೆಯಲ್ಲಿ ಇಡತೊಡಗಿದೆ. ಅವಸರ ಮಾಡಲಿಲ್ಲ. ಅವಳೂ ಬಸ್ಸಿನ ನೆನಪು ಮಾಡಲಿಲ್ಲ.

"ಮುಂದ ಮತ್ತ ಸಿನಿಮಾ ತಗೀತಿಯಲ್ಲ?" ಎಂದು ಕೇಳಿದಳು.

"ತಗೀತೇನಿ ಅತ್ತಿ."

"ನನ್ನ ಕರೀತಿ?"

"ನಿನ್ನನ್ನ ಕರೀತೇನಿ."

ಒಂದು ಬಳೆ ಬೆರಳ ಗಿಣ್ಣಿನ ಹತ್ತಿರ ಸಿಕ್ಕಿಕೊಂಡಿತ್ತು. ಅತ್ತೆ ಅದನ್ನೇ ನೋಡುತ್ತ ಹೇಳಿದಳು: "ಅದರಾಗ ನನ್ನ ಗಂಡ ಮನ್ಯಾಗ ಇರ್ಲಿ."